ಸೆಲ್ವಿನ್ ಕೊಡಬೇಕಾದ ಹಲಗೆ

ಸೆಲ್ವಿನ್ ಕಾರ್ಬಿನ್ ಒಂದು ಮಾತೂ ಕೇಳದೆ ನನ್ನ ದೋಣಿ ತೆಗೆದುಕೊಂಡು ಹೋದ. ಅವನು ಸತ್ತು ಎಷ್ಟೋ ವರ್ಷವಾಯಿತು, ನನ್ನ ಸಿಟ್ಟು ಮಾತ್ರ ಇಳಿದಿಲ್ಲ.

ನಮ್ಮೂರಿನ ಮುಂದೆ ಸಮುದ್ರದೊಳಗೆ ಉದ್ದಕ್ಕೂ ಹವಳದ ದಿಬ್ಬ. ದೋಣಿ ದಾಟಲು ಅದರಲ್ಲಿ ಇದ್ದದ್ದು ಒಂದೇ ಕಂಡಿ. ಅಲೆ ಎಷ್ಟೇ ಎದ್ದಿರಲಿ, ಸೆಲ್ವಿನ್ ಅದನ್ನು ದಾಟುತ್ತಿದ್ದ. ನಾವೆಲ್ಲ ಅವನ ಬೆನ್ನಿಗೇ ಹೋಗಿ ಬರುತ್ತಿದ್ದೆವು. ತೊಂಬತ್ತೊಂದರ ಭೂಕಂಪದಲ್ಲಿ ತೀರವೇ ಮೇಲೆದ್ದಿತು. ಹವಳ ನೀರಿನಿಂದಾಚೆ ಬಂದು ಬಿಸಿಲಿಗೆ ನಾರತೊಡಗಿತು. ಕಂಡಿ ಒಣಗಿತು. ಲಿಮೋನ್ ಪಟ್ಟಣಕ್ಕೆ ಹೋಗುವ ದಾರಿಯ ಸೇತುವೆಗಳೂ ಬಿದ್ದಿದ್ದವು. ಸಮುದ್ರಕ್ಕಿಳಿಯದಿದ್ದರೆ ಊರಿಗೆ ಊಟವಿಲ್ಲ. ಮೂರು ಹೊತ್ತೂ ಬರೀ ಜೀಗುಜ್ಜೆ ಕಾಯಿ ಬೇಯಿಸಿ ತಿಂದೆವು.

ರಾಜಧಾನಿಯಿಂದ ಬಂದ ಭೂವಿಜ್ಞಾನದ ಹುಡುಗಿ ಬಿಡಿಸಿ ಹೇಳಿದಳು. ದೇಶದ ಆಚೆ ಬದಿಯ ಪೆಸಿಫಿಕ್ ಸಮುದ್ರದ ತಳದಲ್ಲಿ ಒಂದು ಬೆಟ್ಟಸಾಲು ಇದೆಯಂತೆ, ಅದು ನಮ್ಮ ದೇಶದ ಅಡಿಗೆ ನುಗ್ಗುತ್ತಿದೆಯಂತೆ. ಆ ಒತ್ತಡಕ್ಕೇ ನಮ್ಮೂರ ಹಿಂದಿನ ತಲಮಾಂಕಾ ಬೆಟ್ಟಗಳೂ ಈ ತೀರವೂ ಏಳುವುದು. ಎದ್ದದ್ದನ್ನು ಮಳೆ ಕೊರೆದು ಕೆಳಗೆ ತರುವುದು.

"ಅಲ್ಲ ಮಗಳೇ, ಅದು ನುಗ್ಗೋದು ಆ ಕಡೆ ಸಮುದ್ರದಲ್ಲಿ, ತಿಕ ಎತ್ತೋದು ನಮ್ಮದಾ?" ಎಂದ ಸೆಲ್ವಿನ್. ಅವಳೂ ನಕ್ಕುಬಿಟ್ಟಳು.

ಆಮೇಲೆ ಮಳೆ ಹಿಡಿಯಿತು. ಸಡಿಲಗೊಂಡಿದ್ದ ಬೆಟ್ಟದ ಮೈ ಕಾಡಿನ ಸಮೇತ ಜಾರಿತು. ಹೊಳೆ ಆ ಕೆಸರನ್ನೆಲ್ಲ ತಂದು ದಡಕ್ಕೂ ದಿಬ್ಬಕ್ಕೂ ನಡುವಿನ ನೀರಿಗೆ ಸುರಿಯಿತು. ಇದ್ದಬದ್ದ ಮೀನೂ ಹೋಯಿತೆಂದು ನಾವು ತಲೆಮೇಲೆ ಕೈಹೊತ್ತು ಕೂತರೆ, ಸೆಲ್ವಿನ್ ಆ ವಯಸ್ಸಿನಲ್ಲಿ ತೆಂಗಿನಮರ ಹತ್ತಿದ. ಸಮುದ್ರ ಇಳಿಯುವ ಹೊತ್ತು. ಕೆಸರುನೀರು ಒಂದೇ ಕಡೆ ಕಂದು ಪಟ್ಟಿಯಾಗಿ ದಿಬ್ಬ ದಾಟಿ ಆಚೆ ಹರಿಯುತ್ತಿತ್ತು. ನೀರು ಹಾಗೆ ಹರಿಯಬೇಕಾದರೆ ಅಲ್ಲಿ ಆಳ ಇರಲೇಬೇಕು. ಸರಸರನೆ ಇಳಿದವನೇ ದೋಣಿ ನೀರಿಗೆ ತಳ್ಳಿದ. ಅವನದು ಭೂಕಂಪದಲ್ಲಿ ಸೀಳಿಹೋಗಿತ್ತು, ತಳ್ಳಿದ್ದು ನನ್ನದನ್ನು.

ಸೊಂಟದ ನೀರಿನವರೆಗೆ ಓಡಿದೆ. "ಲೋ ಮುದುಕಾ, ನನ್ನ ದೋಣಿ ಕಣೋ ಅದು!"

"ನಿನ್ ದೋಣಿ ನಿನಗಿಂತ ಬುದ್ಧಿವಂತ ಮಾರಾಯ, ಬಾಯ್ಮುಚ್ಕೊಂಡು ಬರ್ತಾ ಇದೆ!"

ದಾಟಿದ. ವಾಪಸು ಬರುವಾಗ ಹವಳ ತಾಗಿ ದೋಣಿಯ ತಳ ಸೀಳಿತು. ಕೊನೆಗೆ ದೋಣಿಯನ್ನು ಎಳೆದುಕೊಂಡು ಈಜಿಯೇ ಬಂದ. ಮಾರನೆಯ ದಿನ ಊರಿನ ದೋಣಿಗಳೆಲ್ಲ ಆ ಹೊಸ ಕಂಡಿಯಲ್ಲಿ ಹೋದವು, ನನ್ನದೊಂದನ್ನು ಬಿಟ್ಟು. ಅವನ ಹೆಂಡತಿ, ಊರಿಗೆಲ್ಲ ಮಿಸ್ ಐವಿ, ತೆಂಗಿನಹಾಲಲ್ಲಿ ಮೀನು ಬೇಯಿಸಿ ಮೊದಲ ತಟ್ಟೆ ನನಗೇ ಕೊಟ್ಟಳು.

"ಒಳ್ಳೇ ಸೀಡರ್ ಮರದ ಹಲಗೆ ಹಾಕಿಸ್ಕೊಡ್ತೀನಿ" ಎಂದು ಸೆಲ್ವಿನ್ ಸಿಕ್ಕಾಗಲೆಲ್ಲ ಹೇಳುತ್ತಿದ್ದ. ಹೇಳುತ್ತಲೇ ಸತ್ತ.

ಮಣ್ಣು ಮಾಡಿ ಬಂದ ದಿನ ಬಾಯಿ ತಡೆಯದೆ ಮಿಸ್ ಐವಿಗೆ ಅಂದೇಬಿಟ್ಟೆ, ಹಲಗೆ ಬರಬೇಕಿತ್ತು ಎಂದು.

"ನಮ್ಮನೆ ಬಾಗಿಲು ಸೀಡರಿಂದೇ. ಬಿಚ್ಕೊಂಡು ಹೋಗು. ಮೊದ್ಲು ಊಟ ಮಾಡು."

ಉಂಡೆ. ಬಾಗಿಲು ಬಿಚ್ಚಲು ಕೈ ಬರಲಿಲ್ಲ. ಹಲಗೆ ಮಾತ್ರ ಇವತ್ತಿಗೂ ಬಂದಿಲ್ಲ.