ಊದಿದ ಮೇಣದಬತ್ತಿ

ತೊಂಬತ್ತರ ದಶಕದಲ್ಲಿ, ಲಂಡನ್ನಿನ ಹ್ಯಾರೋದಲ್ಲಿ, ನಮಗೂ ಅವರಿಗೂ ನಡುವೆ ಒಂದೇ ಗೋಡೆ. ಧಾರವಾಡದವರು, ಗಂಡ ಡಾಕ್ಟರು. ನಾವೆಲ್ಲ ಅವರನ್ನು ಅಕ್ಕ ಎನ್ನುತ್ತಿದ್ದೆವು. ಮಕ್ಕಳ ಹುಟ್ಟುಹಬ್ಬಕ್ಕೆ ಕರೆದರೆ, ಕೇಕಿನ ಮೇಲೆ ಉರಿಯುತ್ತಿದ್ದ ಮೇಣದಬತ್ತಿಗಳನ್ನು ಕಿತ್ತು ಅಕ್ಕಿ ತುಂಬಿದ ಬಟ್ಟಲಿನಲ್ಲಿ ನೆಟ್ಟುಬಿಡುತ್ತಿದ್ದರು.

"ದೀಪಾ ಊದಬಾರ್ದವ್ವಾ. ತಾನಾಗಿ ಹೋಗ್ಲಿ ಬಿಡು."

"ಬಟ್ ಆಂಟಿ, ಇಟ್ಸ್ ಮೈ ಬರ್ತ್‌ಡೇ!" ಎಂದು ನನ್ನ ಮಗಳು ರಾಗ ಎಳೆಯುತ್ತಿದ್ದಳು.

ಮಳೆಯ ಭಾನುವಾರಗಳಲ್ಲಿ ಅಕ್ಕನೂ ನಾನೂ ಟ್ಯೂಬ್ ರೈಲು ಹಿಡಿದು ಚಿತ್ರಶಾಲೆಗೆ ಹೋಗುತ್ತಿದ್ದೆವು. ಅಲ್ಲಿದ್ದ ಒಂದು ಹಳೆಯ ಡಚ್ ಚಿತ್ರ ಕಂಡರೆ ಅವರಿಗೆ ಆಗುತ್ತಿರಲಿಲ್ಲ. ಮೇಜಿನ ಮೇಲೆ ತಲೆಬುರುಡೆ, ಪಕ್ಕದಲ್ಲಿ ಆಗಷ್ಟೇ ಆರಿದ ಮೇಣದಬತ್ತಿ, ಅದರಿಂದ ಏಳುತ್ತಿರುವ ಹೊಗೆಯ ಎಳೆ. ಮನುಷ್ಯನ ಆಯುಷ್ಯ ಇಷ್ಟೇ ಎನ್ನಲು ಆ ಕಾಲದವರು ಹೀಗೆ ಬರೆಯುತ್ತಿದ್ದರು ಎಂದು ನಾನು ಓದಿಕೊಂಡದ್ದನ್ನು ಹೇಳಿದರೆ, ಅವರದು ಪ್ರತಿಸಲವೂ ಒಂದೇ ಸಿಟ್ಟು.

"ಅದಿರ್ಲಿ, ಇದನ್ನ ಊದಿದವ್ರು ಯಾರು?"

ಒಂದು ಚಳಿಗಾಲ ಅವರ ಗಂಡ ಮೆದುಳಿನಲ್ಲಿ ರಕ್ತಸ್ರಾವವಾಗಿ ಕುಸಿದುಬಿದ್ದರು. ಆಸ್ಪತ್ರೆಯಲ್ಲಿ ವೆಂಟಿಲೇಟರ್ ಹಾಕಿದರು. ಇನ್ನು ಏಳುವುದಿಲ್ಲ, ಯಂತ್ರ ನಿಲ್ಲಿಸೋಣವೇ ಎಂದು ಅಲ್ಲಿನ ಡಾಕ್ಟರು ಮೆಲ್ಲಗೆ ಕೇಳಿದರು. ಅಕ್ಕ ಬಹಳ ಹೊತ್ತು ಗಂಡನ ಪಾದ ಹಿಡಿದು ಕೂತಿದ್ದರು. ಆಮೇಲೆ ಹೂಂ ಎಂದರು.

ಎಷ್ಟೋ ತಿಂಗಳ ನಂತರ "ಹೋಗೋಣೇನ್ರಿ?" ಎಂದು ಅವರೇ ಕರೆದರು. ಚಿತ್ರದ ಮುಂದೆ ಒದ್ದೆ ಕೋಟು ಬಿಚ್ಚದೆ ನಿಂತರು. ನಾನು ವಿವರಿಸಲಿಲ್ಲ, ಅವರೂ ಏನೂ ಕೇಳಲಿಲ್ಲ. ಹೊರಡುವಾಗ ಮಾತ್ರ, ಆ ಹೊಗೆಯನ್ನೇ ನೋಡುತ್ತ ಅಂದರು:

"ಪಾಪ, ಊದಿದವ್ರಿಗೆ ಬ್ಯಾರೆ ದಾರೀನ ಇರ್ಲಿಲ್ಲೇನೊ."