ರದ್ದಿ ಕಾಗದದ ರೊಟ್ಟಿ ಬುಟ್ಟಿ

ಸಕ್ಕರೆ ಕಾಯಿಲೆಗೆಂದು ಡಾಕ್ಟರ್ ಹೇಳಿದ ಮೆಂತ್ಯೆಕಾಳು ನೆನೆಹಾಕಿದ್ದೆ. ಬೆಳಿಗ್ಗೆ ಮುಚ್ಚಳ ತೆಗೆದರೆ, ಖಾನಾಪುರದ ನಮ್ಮ ಹಿತ್ತಲಿನ ವಾಸನೆ!

ಅಲ್ಲಿ ಅವ್ವ ಹಳೆಯ ಪೇಪರು, ನಮ್ಮ ಹರಿದ ನೋಟ್‌ಬುಕ್ಕು ಎಲ್ಲ ನೆನೆಸಿ, ಮೆಂತ್ಯೆ ಸೇರಿಸಿ ಒರಳಲ್ಲಿ ಕುಟ್ಟುತ್ತಿದ್ದಳು. ಅದನ್ನು ಬೋರಲು ಹಾಕಿದ ಗಡಿಗೆಗೆ ಮೆತ್ತಿ ಬಿಸಿಲಿಗಿಟ್ಟರೆ ರೊಟ್ಟಿ ಬುಟ್ಟಿ ತಯಾರು. ಅಪ್ಪ ಮೊದಲ ಬಸ್ಸಿಗೆ ಬೆಳಗಾವಿಯ ಉದ್ಯಮಬಾಗದ ಫೌಂಡ್ರಿಗೆ, ಅವ್ವ ಗದ್ದೆಗೆ. ಬೆಳಿಗ್ಗೆ ಬಡಿದ ರೊಟ್ಟಿ ಸಂಜೆತನಕ ಬಾಳಬೇಕಿತ್ತು.

ಒಮ್ಮೆ ಅಪ್ಪನ ತಂಗಿ ಬೆಳಗಾವಿಯಿಂದ ಸ್ಟೀಲ್ ಡಬ್ಬಿ ತಂದಳು. "ವೈನಿ, ರದ್ದ್ಯಾಗ ರೊಟ್ಟಿ ಇಡ್ತೀರಲ್ರೀ, ಮಂದಿ ನಗ್ತಾರ. ಒಗೀರಿ ಅದನ್ನ ತಿಪ್ಪಿಗೆ!"

"ಒಗಿಯೂಣಂತ. ಮೊದಲ ಎರಡರಾಗೂ ಬಿಸಿ ರೊಟ್ಟಿ ಇಟ್ಟು ನೋಡೂಣು," ಎಂದಳು ಅವ್ವ.

ಸಂಜೆ ನೋಡಿದರೆ ಡಬ್ಬಿಯ ಮುಚ್ಚಳ ಬೆವತು, ನೀರು ತೊಟ್ಟಿಕ್ಕಿ, ರೊಟ್ಟಿ ಒದ್ದೆ ಮುದ್ದೆಯಾಗಿತ್ತು. ಇದಕ್ಕೆ ಕಾಲೇಜಿನಲ್ಲಿ ಏನೋ ಹೆಸರು ಕಲಿಸಿದ್ದರು, ಕಂಡೆನ್ಸೇಶನ್ನೋ ಇವ್ಯಾಪರೇಶನ್ನೋ, ಇರಲಿ. ಅತ್ತೆ ಬುಟ್ಟಿಯಲ್ಲಿದ್ದ ಮೆತ್ತನೆಯ ರೊಟ್ಟಿಗೆ ಕೈ ಹಾಕಿದಳು.

"ಸಾವಕಾಶ ತಿನ್ರಿ, ಮಂದಿ ನಗ್ತಾರ," ಅಂದಳು ಅವ್ವ.

ಆ ಬುಟ್ಟಿ ಮಾಡುವುದನ್ನು ನನ್ನಾಕೆ ಅವ್ವನಿಂದ ಕಲಿತಿದ್ದಳು. ಅವಳೂ ತೀರಿಕೊಂಡ ಮೇಲೆ ಮನೆಯಲ್ಲಿ ಯಾರೂ ಮಾಡಿಲ್ಲ.

ಮೆಂತ್ಯೆನೀರು ನಾನು ಕುಡಿಯಲಿಲ್ಲ. ಹಳೆಯ ಪೇಪರು ಹರಿದು ಬಕೆಟ್ಟಿಗೆ ಹಾಕಿ, ಮೆಂತ್ಯೆಯನ್ನು ಅದರ ಮೇಲೆ ಸುರಿದೆ.

"ಮಾವಾರ, ಔಷಧಾ ಅದ್ರಿ ಅದು! ಬುಟ್ಟಿ ಬೇಕಂದ್ರ ಆನ್‌ಲೈನ್ ತರಸ್ತೀನಲ್ರಿ," ಎಂದಳು ಸೊಸೆ.

ಔಷಧಿ ನಾಳೆಯೂ ಕುಡಿಯಬಹುದು. ನನ್ನ ಬುಟ್ಟಿ ಸೊಟ್ಟಗೆ ಬಂದರೂ ಸರಿ, ಈ ಮನೆಯ ರೊಟ್ಟಿ ಅದರಲ್ಲೇ ಇರಬೇಕು. ನಗುವವರು ಊಟಕ್ಕೆ ಬಂದು ನಗಲಿ.