ಗಾಡಿಯಲ್ಲಿ ಉಳಿದ ದನಿ

ನಮ್ಮ ಬೀದಿಯ ತರಕಾರಿಯವನಿಗೆ ಗಂಟಲಿನ ಆಪರೇಷನ್ ಆದ ಮೇಲೆ ಉಳಿದದ್ದು ಪಿಸುಮಾತಷ್ಟೇ. ಅದರಲ್ಲಿ ಚೌಕಾಸಿ ಮಾಡಬಹುದು, ಕೂಗಿ ಮಾರಲಾಗದು. ಹಾಗಾಗಿ ರೆಕಾರ್ಡ್ ಆಗುವ ಸ್ಪೀಕರೊಂದರಲ್ಲಿ ಒಂಬತ್ತು ವರ್ಷದ ಮಗನಿಂದ ಕೂಗಿಸಿ, ಅದನ್ನು ಗಾಡಿಗೆ ಕಟ್ಟಿದ. "ಟೊಮೆಟೊ, ಬದನೆ, ಬೀನ್ಸ್" ಎಂದು ಹುಡುಗ ಒಂದೇ ಉಸಿರಿಗೆ ಮುಗಿಸಿ, "ಅಪ್ಪಾ, ಸಾಕಾ?" ಎಂದು ಕೇಳಿದ್ದೂ ಅದರಲ್ಲಿ ಸೇರಿಕೊಂಡಿತ್ತು.

ದಿನಾ ಬೆಳಿಗ್ಗೆ ನನ್ನ ನಿದ್ದೆ ಹಾಳು. ಆದರೆ ಸ್ಪೀಕರು "ಸಾಕಾ?" ಎಂದಾಗಲೆಲ್ಲ ಅವನು ತಕ್ಕಡಿ ಹಿಡಿದುಕೊಂಡೇ ಹ್ಞೂಂ ಎಂದು ತಲೆಯಾಡಿಸುವುದನ್ನು ಕಂಡರೆ ಬೈಗುಳ ಬಾಯಿಗೇ ಬರುತ್ತಿರಲಿಲ್ಲ.

ಹುಡುಗನಿಗೆ ಹದಿಮೂರು ತುಂಬಿತು, ದನಿ ಒಡೆಯಿತು. ಒಂದು ಮಾತು ಹಂಡೆಯೊಳಗಿಂದ ಬಂದರೆ ಇನ್ನೊಂದು ಕೀಚಲು. ನಾಚಿಕೆಯಿಂದ ಅವನು ಮಾತೇ ಬಿಟ್ಟ. "ಅಪ್ಪಂಗೆ ದನಿ ಇಲ್ಲ, ಮಗಂಗೆ ಮಾತಿಲ್ಲ. ನಮ್ಮನೇಲಿ ಕುಕ್ಕರೊಂದೇ ಕೂಗೋದು ನೋಡಿ," ಎಂದು ತರಕಾರಿಯವನ ಹೆಂಡತಿ ನನ್ನ ಮುಂದೆ ನಕ್ಕಳು. ಗಂಡನಿಗೆ ನಗು ಬರುತ್ತಿರಲಿಲ್ಲ. ಗಿರಾಕಿಯಿಲ್ಲದ ಬೀದಿಯಲ್ಲೂ ಸ್ಪೀಕರ್ ಹಾಕಿಕೊಂಡೇ ಹೋಗುತ್ತಿದ್ದ. ಮಗನ ಎಳೆಯ ದನಿ ಇದ್ದದ್ದು ಅದರಲ್ಲಿ ಮಾತ್ರ.

ಸ್ಕೂಲಿನ ಹುಡುಗರು ಮಗನಿಗೆ 'ಸಾಕಾ' ಎಂದೇ ಹೆಸರಿಟ್ಟರು. ಒಂದು ಸಂಜೆ ಅವನು ನಮ್ಮ ಗೇಟಿನ ಮುಂದೆಯೇ ಗಾಡಿಗೆ ಅಡ್ಡ ನಿಂತ.

"ಅದನ್ನ ಅಳಿಸು ಅಪ್ಪಾ. ಎಲ್ರೂ ಆಡ್ಕೋತಾರೆ. ಹೊಸದಾಗಿ ನಾನೇ ಕೂಗ್ತೀನಿ."

ಆ ಸ್ಪೀಕರಿನಲ್ಲಿ ನಿಲ್ಲುವುದು ಒಂದೇ ಕೂಗು. ಹೊಸದು ಬಂದರೆ ಹಳೆಯದು ಹೋದಂತೆಯೇ. ತರಕಾರಿಯವನು ಸ್ಪೀಕರನ್ನು ಬಿಚ್ಚಿ ಎದೆಗವಚಿಕೊಂಡ, ಮಗನ ಮುಖ ನೋಡಿದ, ಆಮೇಲೆ ಅವನ ಕೈಗಿಟ್ಟ. ಮಕ್ಕಳು ಬೇಗ ದೊಡ್ಡವರಾಗಲಿ ಎಂದು ನಾವೇ ಹರಸುತ್ತೇವೆ. ಆದಾಗ ಇಷ್ಟು ಬೇಗವೇ ಎನ್ನುತ್ತೇವೆ.

ಹುಡುಗ ಗಂಟಲು ಸರಿಮಾಡಿಕೊಂಡು ಗಂಡಸಿನ ದನಿಯಲ್ಲಿ ಗತ್ತಾಗಿ ಕೂಗಿದ. ಟೊಮೆಟೊ, ಬದನೆ, ಬೀನ್ಸ್, ಎಲ್ಲ ಸರಿಯಾಗಿ ಬಂತು. ಬಟನ್ ಒತ್ತಿ ನಿಲ್ಲಿಸುವ ಮೊದಲು, ಗೊತ್ತಿಲ್ಲದೆಯೇ ತಿರುಗಿ "ಅಪ್ಪಾ, ಸಾಕಾ?" ಎಂದುಬಿಟ್ಟ. 'ಸಾಕಾ' ಎನ್ನುವಲ್ಲಿ ದನಿ ಒಡೆದು ಕೀಚಲಾಯಿತು. ಒಂಬತ್ತು ವರ್ಷದವನು ಒಂದು ಗಳಿಗೆ ಇಣುಕಿ ಹೋದ.

"ಥೂ, ಕೆಟ್ಟೋಯ್ತು. ಇನ್ನೊಂದ್ಸಲ ಹೇಳ್ತೀನಿ."

ಅಪ್ಪ ಅವನ ಕೈ ಹಿಡಿದುಕೊಂಡ. "ಬೇಡ ಮಗನೆ," ಎಂದು ಪಿಸುಗುಟ್ಟಿದ. "ಅದೊಂದನ್ನ ನಂಗೆ ಬಿಡು."

ಹುಡುಗ ಬಟನ್ನಿನಿಂದ ಬೆರಳು ತೆಗೆದ. ಸ್ಪೀಕರನ್ನು ತಾನೇ ಗಾಡಿಗೆ ಕಟ್ಟಿದ.

ಮರುದಿನ ಬೆಳಿಗ್ಗೆ ಆ ದಪ್ಪ ದನಿಗೆ ಎಚ್ಚರವಾಗಿ ಕಿಟಕಿಗೆ ಬಂದೆ. ಸ್ಪೀಕರು "ಅಪ್ಪಾ, ಸಾಕಾ?" ಎಂದಿತು. ತರಕಾರಿಯವನು ತಕ್ಕಡಿ ಹಿಡಿದು ನಿಂತಿದ್ದ. ಈ ಸಲ ಅವನ ತಲೆ ಅಡ್ಡಡ್ಡ ಆಡಿತು.